ಇಸ್ಕೊಳ್ಳೋ ಶೆಟ್ರು

ಸಖರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಆಸುಪಾಸಲ್ಲಿ ಇಂಥ ಶೆಟ್ಟರೊಬ್ಬರು ಸಿಕ್ಕೇ ಸಿಗುತ್ತಾರೆ. ಕಡೂರಲ್ಲೂ ಇದ್ದಾರೆ, ತರೀಕೆರೆಯಲ್ಲೂ ಇದ್ದಾರೆ. ಅಕ್ಕಿ ಮೂಟೆ ಇರಬೇಕಾದ ಜಾಗದಲ್ಲಿ ರಟ್ಟಿನ ಡಬ್ಬಗಳ ರಾಶಿ, ಅದರ ಹಿಂದೆ ಶೆಟ್ಟರ ತಲೆ. ರಾಶಿಯಲ್ಲಿ ಒಂದೂ ಅವರ ಮಾಲಲ್ಲ.

ಅವರಿಗೂ ಒಂದು ಕಾಲವಿತ್ತು. ಒಂದು ರೂಪಾಯಿಯ ಶಾಂಪೂ ಪೊಟ್ಟಣ ಬಂದ ಹೊಸದರಲ್ಲಿ ಸೀಗೆಪುಡಿ ಡಬ್ಬವನ್ನು ಅಟ್ಟಕ್ಕೇರಿಸಿ, ಪೊಟ್ಟಣದ ಸರಗಳನ್ನು ಬಾಗಿಲಿಗೆ ತೋರಣ ಕಟ್ಟಿದವರು ಇವರೇ. ಅಯ್ಯನಕೆರೆ ಕೋಡಿ ಬಿದ್ದ ಸುದ್ದಿ ಕೇಳಿದರೆ ಎರಡು ಮೂಟೆ ಹೆಚ್ಚು ತರಿಸುತ್ತಿದ್ದರು. ಕೆರೆ ತುಂಬಿದರೆ ತೋಟ, ತೋಟ ತುಂಬಿದರೆ ಗಲ್ಲಾ. ಈಗ ಆ ಲೆಕ್ಕ ನಡೆಯುವುದಿಲ್ಲ. 2023ರ ಆಗಸ್ಟ್‌ನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ರೂಪಾಯಿ ಫ್ರಿಜ್ಜಿನ ಕಂತಿಗೆ ಹೋಗುತ್ತದೆ. ಶೆಟ್ಟರ ಪಾಲಿಗೆ ಉಳಿದದ್ದು ಉಪ್ಪು, ಬೆಲ್ಲ. ಅದೂ ಸಾಲ.

2025ರ ಸೆಪ್ಟೆಂಬರ್ 22ಕ್ಕೆ ಶಾಂಪೂ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕಿಳಿಯಿತು. ಇನ್ನಾದರೂ ಗಿರಾಕಿ ಬಂದಾರೆಂದು ಶೆಟ್ಟರು ತೋರಣದ ಧೂಳು ಹೊಡೆದು ಕೂತರು. ಬಂದದ್ದು ಡೆಲಿವರಿ ಹುಡುಗ.

"ಶೆಟ್ರೇ, ತೋಟದ ಮನೆ ಅಕ್ಕಂದು. ನಿಮ್ಮತ್ರ ಕೊಡೋಕೆ ಹೇಳಿದ್ರು, ಇಸ್ಕೊಳ್ಳಿ."

ಶೆಟ್ಟರು ಡಬ್ಬವನ್ನು ಅಂಗೈಯಲ್ಲಿ ತೂಗಿದರು. ನಲವತ್ತು ವರ್ಷ ತಕ್ಕಡಿ ಹಿಡಿದ ಕೈ. ಅಲ್ಲಾಡಿಸಿ ಕಿವಿಗಿಟ್ಟರು, ಮೂಸಿದರು.

"ಶಾಂಪೂ. ದೊಡ್ಡ ಬಾಟ್ಲು, ಎರಡು."

"499 ಕೊಡ್ಬೇಕು, ಶೆಟ್ರೇ. ಕ್ಯಾಶ್ ಆನ್ ಡೆಲಿವರಿ."

"ಯಾಕೋ, ನಿಮ್ ಕಂಪ್ನೀಲಿ ಬರ್ಕೊಳಲ್ವಾ?"

"ಅಲ್ಲೆಲ್ಲ ಸಾಲ ಇಲ್ಲ, ಶೆಟ್ರೇ."

ಶೆಟ್ಟರು ಗಲ್ಲಾದಿಂದ ದುಡ್ಡು ಎಣಿಸಿಕೊಟ್ಟರು. ನಾನು ಬಾಯಿಬಿಟ್ಟು ನೋಡುತ್ತಿದ್ದುದು ಕಂಡಿರಬೇಕು. "ಬೇಡ ಅಂದ್ರೆ ಪಕ್ಕದಂಗ್ಡೀಲಿ ಕೊಡ್ತಾನೆ ಕಣಪ್ಪ. ಆಮೇಲೆ ಉಪ್ಪೂ ಅಲ್ಲೇ" ಎಂದರು.

ಆಮೇಲೆ ಉದ್ದನೆಯ ಸಾಲದ ಪುಸ್ತಕ ತೆಗೆದು, ಕನ್ನಡಕ ಏರಿಸಿಕೊಂಡು, ತೋಟದ ಮನೆಯ ಪುಟದಲ್ಲಿ ಬರೆದರು:

ಉಪ್ಪು 1 ಪ್ಯಾಕೆಟ್. ಬೆಲ್ಲ ಅರ್ಧ ಕೆಜಿ. ಶಾಂಪೂ (ನಮ್ಮದಲ್ಲ) 499.