ಕೈತೋಟ ಕಾಯುವ ಕೈಪಿಡಿ

ಮೊದಲು ಕಳ್ಳನನ್ನು ಸರಿಯಾಗಿ ತಿಳಿದುಕೊಳ್ಳಿ. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ನಡುರಾತ್ರಿ ಬರುವವನನ್ನು ನೆನೆದು ನಿದ್ದೆಗೆಡಬೇಡಿ. ಬೆಂಗಳೂರು, ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಹೂ ಕದಿಯುವವರು ಬೆಳಗಿನ ಐದಕ್ಕೆ ಬರುತ್ತಾರೆ. ಮಂಕಿ ಕ್ಯಾಪ್, ತೋಳಿಲ್ಲದ ಸ್ವೆಟರ್, ಸಕ್ಕರೆ ಕಾಯಿಲೆಗೆ ಡಾಕ್ಟರು ಬರೆದುಕೊಟ್ಟ ವಾಕಿಂಗು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ಕೊಡೆ. ಮಳೆ ಇರುವುದಿಲ್ಲ. ಕೊಡೆಯ ಬಾಗಿದ ಹಿಡಿಯನ್ನು ನಿಮ್ಮ ದಾಸವಾಳದ ಕೊಂಬೆಗೆ ಸಿಕ್ಕಿಸಿ, ಮೆಲ್ಲಗೆ ಕಾಂಪೌಂಡಿನ ಆಚೆಗೆ ಬಗ್ಗಿಸಿ, ತುದಿಗಾಲಲ್ಲಿ ನಿಂತು ಕೀಳುತ್ತಾರೆ. ಬಾಯಲ್ಲಿ ಸುಪ್ರಭಾತ ನಡೆದೇ ಇರುತ್ತದೆ. ಇಂಥವರನ್ನು ಕಡಿಮೆ ಖರ್ಚಿನಲ್ಲಿ ತಡೆಯಬೇಕಾದರೆ ಕೆಳಗಿನ ಕ್ರಮಗಳನ್ನು ಒಂದಾದ ಮೇಲೊಂದರಂತೆ ಪಾಲಿಸಿ.

1. ಬೋರ್ಡು ಹಾಕಿ. "ದಯವಿಟ್ಟು ಹೂ ಕೀಳಬೇಡಿ" ಎಂದು ದಪ್ಪಕ್ಷರದಲ್ಲಿ ಬರೆಸಿ. ಇಲ್ಲಿ ಹೂವಿದೆ ಎಂಬುದು ಈವರೆಗೆ ಗೊತ್ತಿಲ್ಲದವರಿಗೂ ಗೊತ್ತಾಗಲಿ. ಪಕ್ಕದಲ್ಲೇ "ನಾಯಿ ಇದೆ, ಎಚ್ಚರಿಕೆ" ಎಂದೂ ಹಾಕಿ. ನಾಯಿ ಸಾಕಬೇಡಿ, ಖರ್ಚು ಜಾಸ್ತಿ. ಬೀದಿ ನಾಯಿಯನ್ನೇ ನಂಬಿ. ಅದಕ್ಕೆ ದಿನಾ ಬೆಳಗ್ಗೆ ಬಿಸ್ಕತ್ತು ಹಾಕುವವರು ಯಾರು ಎಂದು ಮಾತ್ರ ವಿಚಾರಿಸಲು ಹೋಗಬೇಡಿ.

2. ಗೋಡೆಗೆ ದೇವರನ್ನು ಕೂರಿಸಿ. ಗೋಡೆ ಒದ್ದೆ ಮಾಡುವವರನ್ನು ತಡೆಯಲು ಊರೆಲ್ಲ ದೇವರ ಟೈಲ್ಸ್ ಅಂಟಿಸುತ್ತದೆ. ಅದೇ ಉಪಾಯವನ್ನು ಹೂವಿಗೂ ಬಳಸಿ. ವೆಂಕಟರಮಣ, ಗಣಪತಿ, ಸಾಯಿಬಾಬಾ ಸಾಲಾಗಿ ಇರಲಿ. ನಿಮ್ಮ ಕಳ್ಳರು ದೈವಭಕ್ತರು. ಚಪ್ಪಲಿ ಬಿಟ್ಟು, ಕೈಮುಗಿದು, ನಿಮ್ಮ ಗಿಡದ್ದೇ ಒಂದು ಹೂವನ್ನು ಟೈಲ್ಸಿನ ಮೇಲೆ ಏರಿಸಿ, ಉಳಿದದ್ದನ್ನು ಕವರಿಗೆ ಹಾಕಿಕೊಂಡು ಹೋಗುತ್ತಾರೆ. ಆ ಒಂದು ಹೂ ಮನೆಯಲ್ಲೇ ಉಳಿಯಿತಲ್ಲ, ಅದನ್ನು ಲಾಭದ ಕಡೆ ಬರೆದುಕೊಳ್ಳಿ.

3. ಸುಳ್ಳು ಕ್ಯಾಮೆರಾ ತನ್ನಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕೇಳಿ. ಒಳಗೆ ಏನೂ ಇಲ್ಲದ, ಹೊರಗೆ ಕೆಂಪು ದೀಪ ಮಿನುಗುವ ಡಬ್ಬಿ ಸಿಗುತ್ತದೆ. ಕೈಗೆ ಎಟುಕುವ ಎತ್ತರದಲ್ಲೇ ಕೂರಿಸಿ. ಮರುದಿನ ಹೂ ಗಿಡದಲ್ಲೇ ಇದ್ದು ಕ್ಯಾಮೆರಾ ಕಾಣೆಯಾಗಿದ್ದರೆ ಯೋಜನೆ ಗೆದ್ದಿತು ಎಂದೇ ತಿಳಿಯಿರಿ. ಅಸಲಿ ಕ್ಯಾಮೆರಾದ ಆಸೆಗೆ ಬೀಳಬೇಡಿ. ಈಗ ನಿಮಗೆ ಇಡೀ ಬೀದಿಯ ಮೇಲೆ ಬರೀ ಅನುಮಾನ. ಅಸಲಿಯದನ್ನು ಹಾಕಿಸಿದರೆ ಕಳ್ಳರು ಯಾರೆಂದು ಖಚಿತವಾಗುತ್ತದೆ, ಆಮೇಲೆ ಅವರ ಮೊಮ್ಮಗಳ ಮದುವೆಯಲ್ಲಿ ನೀವು ನೆಮ್ಮದಿಯಾಗಿ ಊಟ ಮಾಡಲಾರಿರಿ.

4. ಹಿಟ್ಟು ತಿಗಣೆ ಸಾಕಿ. ದಾಸವಾಳದ ಕುಡಿಗೆ ಬಿಳಿ ಹತ್ತಿಯಂತೆ ಮೆತ್ತಿಕೊಳ್ಳುವ ಹುಳು ಇದು. ಬೇವಿನ ಎಣ್ಣೆ ಸಿಂಪಡಿಸಿ ಕೊಲ್ಲಬೇಡಿ, ಬೆಳೆಸಿ. ಅದು ಸುರಿಸುವ ಸಿಹಿ ಅಂಟಿಗೆ ಇರುವೆಗಳು ಸಾಲುಗಟ್ಟಿ ಬರುತ್ತವೆ. ತಿಗಣೆ ತಿನ್ನಲು ಬಂದ ಗುಲಗಂಜಿ ಹುಳುವನ್ನು ಓಡಿಸುತ್ತವೆ, ಹೂವಿಗೆ ಕೈ ಹಾಕಿದವರನ್ನೂ ಬಿಡುವುದಿಲ್ಲ. ಸಂಬಳ, ಬೋನಸ್ಸು, ರಜೆ ಕೇಳದ ಕಾವಲುಗಾರರು ಬೇರೆಲ್ಲಿ ಸಿಗುತ್ತಾರೆ? ಕೆಲವೇ ವಾರಗಳಲ್ಲಿ ಎಲೆ ಮುರುಟಿ ಮೊಗ್ಗು ಉದುರತೊಡಗುತ್ತದೆ. ಕಳ್ಳತನ ಅಲ್ಲಿಗೆ ಪೂರ್ತಿ ನಿಲ್ಲುತ್ತದೆ.

5. ಇರುವೆ ಕಡಿತ ಒಗ್ಗದವರು ಮೊಗ್ಗನ್ನೇ ಕೀಳಿ. ದಾಸವಾಳದ ಆಯಸ್ಸು ಒಂದೇ ಹಗಲು. ಅದನ್ನು ಕಾಯುತ್ತಾ ಕೂರಬೇಡಿ. ಹಿಂದಿನ ಸಂಜೆಯೇ ಬಿಡಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ, ಬೆಳಗಿನ ಪೂಜೆಗೆ ಅರಳಿರುತ್ತದೆ. ನಿಮ್ಮ ಗಿಡ ವರ್ಷವಿಡೀ ಬೋಳಾಗಿರುತ್ತದೆ ನಿಜ. ಹೂ ತುಂಬಿದ ಗಿಡವನ್ನು ಕಣ್ಣಾರೆ ನೋಡಬೇಕೆನಿಸಿದರೆ ಪಕ್ಕದ ಬೀದಿಗೆ ಹೋಗಿ. ಬೆಳಗಿನ ಐದು ಒಳ್ಳೆಯ ಹೊತ್ತು. ಕೊಡೆ ಜೊತೆಗಿರಲಿ.

6. ಕುಂಡಗಳನ್ನು ಒಂದೇ ಸರಪಳಿಗೆ ಬಿಗಿಯಿರಿ. ಎರಡು ಮೂರು ಸಲ ಬಂದು ಹೋಗುವ ಕಷ್ಟ ಕಳ್ಳನಿಗೆ ತಪ್ಪುತ್ತದೆ. ನಿಮಗೂ ಒಂದೇ ದಿನ ಅತ್ತು ಮುಗಿಸಬಹುದು. ಬೀದಿಯ ಹುಡುಗರ ಕ್ರಿಕೆಟ್ ಚೆಂಡು ಒಳಗೆ ಬಿದ್ದರೆ ಹಿಂದಿರುಗಿಸಬೇಡಿ. ಹುಡುಕಲು ನಾಲ್ವರು ಗೋಡೆ ಹಾರಿ ಬರಲಿ, ಟೊಮೆಟೊ ಮಡಿಯನ್ನು ಪುಕ್ಕಟೆ ತುಳಿದು ಹದಮಾಡಿ ಹೋಗಲಿ.

7. ಶ್ರೀಗಂಧ ನೆಟ್ಟಿದ್ದರೆ ತಾಳ್ಮೆ ಕಲಿಯಿರಿ. 1792ರಲ್ಲಿ ಟಿಪ್ಪು ಸುಲ್ತಾನ್ ಇದನ್ನು ರಾಜವೃಕ್ಷವೆಂದು ಸಾರಿದ. ಅಂದಿನಿಂದ ಮರ ಯಾರ ಹಿತ್ತಲಲ್ಲಿದ್ದರೂ ಸರ್ಕಾರದ್ದೇ ಆಗಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು ನೆಲದ ಒಡೆಯನೇ ಮರದ ಒಡೆಯನಾದ. ಮೊದಲು ಕಳುವಾದರೆ ಸರ್ಕಾರಕ್ಕೆ ನಷ್ಟವಾಗುತ್ತಿತ್ತು, ಈಗ ಆ ಗೌರವ ನಿಮ್ಮದು. ಕಡಿಯಬೇಕಾದರೆ ನೀವು ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಕಾಯಿರಿ. ಗರಗಸ ಹಿಡಿದು ಬರುವವನು ಕಾಯುವುದಿಲ್ಲ. ಕಾಂಡದಲ್ಲಿ ಬೆರಳು ತೂರುವಷ್ಟು ಹೊಸ ತೂತು ಕಂಡರೆ ಮರಕುಟಿಕವೆಂದು ಸಮಾಧಾನ ಮಾಡಿಕೊಳ್ಳಿ. ಒಳಗೆ ಚೇಗು ಕಟ್ಟಿದೆಯೇ ಎಂದು ಯಾರೋ ಕೊರೆದು ನೋಡಿದ್ದಾರೆ. ಎಳೆಯದಿದ್ದರೆ ಬಿಟ್ಟುಹೋಗಿರುತ್ತಾರೆ, ನೀರು ಹಾಕಿ ಬೆಳೆಸುತ್ತಿರಿ. ಕಾಂಡಕ್ಕೆ "ಇದು ಶ್ರೀಗಂಧವಲ್ಲ" ಎಂಬ ಚೀಟಿ ಅಂಟಿಸುವುದನ್ನು ಮರೆಯಬೇಡಿ.

8. ಕಾನೂನು ಓದಿಕೊಳ್ಳಿ. ನೆಲಕ್ಕೆ ಅಂಟಿಕೊಂಡಿರುವ ತನಕ ಯಾವ ವಸ್ತುವೂ ಕಳುವಿನ ಮಾಲಾಗುವುದಿಲ್ಲ. ಬೇರ್ಪಟ್ಟ ಕ್ಷಣದಿಂದ ಆಗುತ್ತದೆ. ಆದ್ದರಿಂದ ಕೊಂಬೆ ಬಗ್ಗಿಸುವಾಗಲೇ ಕೂಗಿ ಕೇಸು ಕೆಡಿಸಬೇಡಿ, ತೊಟ್ಟು ಮುರಿದ ಸದ್ದು ಕೇಳುವವರೆಗೆ ಉಸಿರು ಬಿಗಿಹಿಡಿದಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೆಯ ಕಲಮಿನಂತೆ, ಮಾಲು 5,000 ರೂಪಾಯಿಗಿಂತ ಕಡಿಮೆಯದಾಗಿ, ಮೊದಲ ಸಲ ತಪ್ಪು ಮಾಡಿದವರು ಅದನ್ನು ಹಿಂದಿರುಗಿಸಿದರೆ, ಶಿಕ್ಷೆ ಬರೀ ಸಮುದಾಯ ಸೇವೆ. ಇಷ್ಟು ಸಾಲದು ಎನಿಸಿದರೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೂರು ಕೊಡಿ. ಅಂದಿನ ಕೆ.ಆರ್. ಮಾರುಕಟ್ಟೆಯ ದರ ಹಿಡಿದರೆ ಒಂದು ಬುಟ್ಟಿ ಹೂವೂ ಗಂಭೀರ ಅಪರಾಧದ ಹತ್ತಿರಕ್ಕೆ ಬರುತ್ತದೆ.

9. ಕೊನೆಯದಾಗಿ, ಹಿಡಿಯಿರಿ. ಅಲಾರಾಂ ಇಟ್ಟು ಎದ್ದು, ಬಾಗಿಲ ಸಂದಿಯಲ್ಲಿ ನಿಂತು, ತೊಟ್ಟು ಮುರಿದೊಡನೆ ಟಾರ್ಚ್ ಹಾಕಿ. ಬೆಳಕಿನಲ್ಲಿ ಕಾಣುವವರು ನಿಮ್ಮ ಮಗನಿಗೆ ಗಣಿತ ಹೇಳಿಕೊಟ್ಟ ನಿವೃತ್ತ ಹೆಡ್‌ಮಾಸ್ತರರು. ಕಳ್ಳಕಾಕರ ಹಾವಳಿ ತಡೆಯಲು ಬಡಾವಣೆಯವರು ಮಾಡಿಕೊಂಡ ಸಮಿತಿಗೆ ಅಧ್ಯಕ್ಷರೂ ಅವರೇ. ಗಾಬರಿಯಾಗಬೇಡಿ. ಟಾರ್ಚನ್ನು ನೆಲಕ್ಕೆ ತಿರುಗಿಸಿ, "ಸಾರ್, ಆ ಮೇಲಿಂದು ನಿಮಗೆ ಎಟುಕಲ್ಲ, ಇರಿ, ನಾನು ಬಗ್ಗಿಸ್ತೀನಿ" ಎನ್ನಿ. "ದೇವರಿಗೆ ಅಲ್ವೇನಪ್ಪಾ" ಎಂದು ಅವರು ಹೇಳುವಾಗ ತಲೆಯಾಡಿಸಿ. "ಈ ಸಲ ಹೂ ಯಾಕೋ ಸಣ್ಣದಾಗಿದೆ, ಗೊಬ್ಬರ ಸಾಲದು ನೋಡು" ಎಂದರೆ ತಪ್ಪಾಯಿತೆಂದು ಒಪ್ಪಿಕೊಂಡು, ಭಾನುವಾರವೇ ಬುಡಕ್ಕೆ ಬೇವಿನ ಹಿಂಡಿ ಹಾಕಿ. ಅಂದೇ ಗೇಟಿನ ಚಿಲಕಕ್ಕೂ ಎರಡು ಹನಿ ಎಣ್ಣೆ ಬಿಡಿ. ಆ ಕಿರ್ ಎನ್ನುವ ಸದ್ದಿಗೆ ಅವರು ಬೆಚ್ಚುತ್ತಾರೆ. ಪಾಪ, ಬಿಪಿ ಇರುವವರು.