ದಮ್ಮಸು ಮಾಮ

ಜಯನಗರ, ಬನಶಂಕರಿ, ಜೆ.ಪಿ. ನಗರದ ಕಡೆ ಹಳೇ ಮನೆ ಕೆಡವಿ ನಾಲ್ಕಂತಸ್ತು ಎಬ್ಬಿಸದ ಬೀದಿ ಸಿಗುವುದು ಕಷ್ಟ. ಎಬ್ಬಿಸುವ ಕಡೆಯಲ್ಲೆಲ್ಲ ಒಬ್ಬ ಮಾಮ ಇದ್ದೇ ಇರುತ್ತಾರೆ. ಮಂಕಿ ಟೋಪಿ, ಅರೆತೋಳಿನ ಸ್ವೆಟರು, ಕೈಯಲ್ಲಿ ಹಾಲಿನ ಚೀಲ. ನಿವೃತ್ತರು. ಯಾವ ಇಲಾಖೆಯಲ್ಲಿದ್ದಿರಿ ಅಂತ ಕೇಳಿದರೆ ಉತ್ತರ ಮಣ್ಣಿನ ಬಗ್ಗೆ ಬರುತ್ತದೆ.

ನಮಗೆ ದಕ್ಕಿದ ಮಾಮ ಕಂಬಿ ಎಣಿಸುತ್ತಿದ್ದರು, ಕ್ಯೂರಿಂಗ್ ನೀರಿಗೆ ಗದರುತ್ತಿದ್ದರು, ಸಿಮೆಂಟ್ ಚೀಲದ ತಾರೀಖು ಓದುತ್ತಿದ್ದರು. ಇಷ್ಟನ್ನೂ ಸಹಿಸಬಹುದಿತ್ತು. ಅವರ ಪ್ರಾಣವಿದ್ದದ್ದು ಗಟ್ಟಿಸುವುದರಲ್ಲಿ.

ಪಾಯದೊಳಗೆ ಮಣ್ಣು ತುಂಬುವ ದಿನ ಕಂಟ್ರಾಕ್ಟರು ಪ್ಲೇಟ್ ಕಾಂಪ್ಯಾಕ್ಟರ್ ಬಾಡಿಗೆಗೆ ತರಿಸಿದ್ದ. ಮಾಮ ಗೇಟಿನಲ್ಲೇ ನಿಂತರು. "ಏನ್ರೀ, ಇಸ್ತ್ರಿ ಪೆಟ್ಟಿಗೆ ತಂದಿದ್ದೀರಿ? ಇದು ಜೇಡಿ. ಮರಳಾದ್ರೆ ನಡುಗಿಸಿದ್ರೆ ಕಾಳು ಕಾಳು ಜರುಗಿ ಕೂತ್ಕೊಳ್ಳತ್ತೆ. ಜೇಡಿ ಅಂಟ್ಕೊಂಡಿರತ್ತೆ, ಅದನ್ನ ಕುಟ್ಟಬೇಕು. ರ್‍ಯಾಮರ್ ತರಿಸಿ!" ಆಮೇಲೆ ಹಿಡಿ ಮಣ್ಣೆತ್ತಿ ಉಂಡೆ ಕಟ್ಟಿದರು. ಉಂಡೆ ಕಟ್ಟದಿದ್ದರೆ ನೀರು ಸಾಲದು, ಕೈಗೆ ಮೆತ್ತಿದರೆ ಹೆಚ್ಚು. ಕಂಟ್ರಾಕ್ಟರಿಂದ, ನನ್ನಿಂದ, ಕಾಫಿ ತಂದ ನನ್ನ ಹೆಂಡತಿಯಿಂದಲೂ ಉಂಡೆ ಕಟ್ಟಿಸಿದರು. ಸರಿಯಾದ ತೇವದಲ್ಲಿ ಮಾತ್ರ ಮಣ್ಣು ಪೂರ್ತಿ ಬಿಗಿಯುತ್ತದೆಂದು 1933ರಲ್ಲೇ ಕ್ಯಾಲಿಫೋರ್ನಿಯಾದ ಪ್ರಾಕ್ಟರ್ ತೋರಿಸಿಕೊಟ್ಟಿದ್ದಾನಂತೆ. ಆ ಪ್ರಾಕ್ಟರ್ ಗಾಂಧಿ ಬಜಾರಿನಲ್ಲಿ ಇವರ ಸಹಪಾಠಿಯಾಗಿದ್ದ ಧಾಟಿಯಲ್ಲಿ ಹೇಳಿದರು.

ರ್‍ಯಾಮರ್ ಬಂತು. ಬಾಡಿಗೆ ನನ್ನ ಜೇಬಿನದು. ಎರಡಡಿ ಮಣ್ಣು ಒಂದೇ ಸಲ ಸುರಿಯಬೇಕೆಂದಿದ್ದ ಕಂಟ್ರಾಕ್ಟರು ಆರಾರು ಇಂಚಿನ ಪದರ ಹಾಕಿದ. ಯಂತ್ರ ಹೋಗದ ಮೂಲೆಗಳಿಗೆ ಕೈದಮ್ಮಸು. ಪಕ್ಕದ ಮನೆಯವರ ಷೋಕೇಸಿನ ಗೊಂಬೆಗಳು ಉರುಳಿದವು. ಅವರು ಬೈದದ್ದು ನನ್ನನ್ನು. ಮಾಮ ಅಷ್ಟರಲ್ಲಿ ಹಾಲು ಕೊಡಲು ಮನೆಗೆ ಹೋಗಿದ್ದರು.

ಮೋಲ್ಡ್ ದಿನ ಇನ್ನೂ ಜೋರು. ಹುಡುಗನೊಬ್ಬ ವೈಬ್ರೇಟರ್ ಸೂಜಿಯನ್ನು ಮಲಗಿಸಿ ಕಾಂಕ್ರೀಟನ್ನು ತಳ್ಳುತ್ತಿದ್ದ. "ಅದು ಪೊರಕೆ ಅಲ್ಲವೋ! ನೆಟ್ಟಗೆ ಇಳಿಸು, ನಿಧಾನಕ್ಕೆ ಎತ್ತು!" ಗುಳ್ಳೆ ನಿಲ್ಲುವವರೆಗೆ ತಾವೇ ಎಣಿಸಿದರು. ಜಾಸ್ತಿ ಹೊತ್ತು ಬಿಟ್ಟರೆ ಜಲ್ಲಿ ತಳಕ್ಕೆ, ಹಾಲು ಮೇಲಕ್ಕೆ. ಕಂಬಿ ಒತ್ತಾಗಿದ್ದ ಪಿಲ್ಲರ್ ತಲೆಗಳಲ್ಲಿ 40 ಮಿ.ಮೀ. ಸೂಜಿ ತೂರಲಿಲ್ಲ, 25ರದ್ದು ಬರುವವರೆಗೆ ಕೆಲಸ ನಿಂತಿತು. ಒಳಗೆ ಶೇ. 5ರಷ್ಟು ಗಾಳಿ ಉಳಿದರೆ ಬಲ ಸುಮಾರು ಶೇ. 30ರಷ್ಟು ಹೋಗುತ್ತದೆ ಎಂಬುದನ್ನು ನನ್ನದೇ ಉಪ್ಪಿಟ್ಟು ತಿನ್ನುತ್ತ ನನಗೆ ಬೋಧಿಸಿದರು. ಸೆಂಟ್ರಿಂಗ್ ಬಿಚ್ಚಿದಾಗ ಒಂದು ತೂತೂ ಇರಲಿಲ್ಲ. ಒಂದೇ ಒಂದು ಸಲ ತಪ್ಪು ಹೇಳಿದ್ದರೂ ಅವರನ್ನು ಪ್ರೀತಿಸುವುದು ಸುಲಭವಾಗುತ್ತಿತ್ತು.

ಯಾದಗಿರಿ ಕಡೆಯ ಕೆಲಸಗಾರರು ಮಾತ್ರ ಅವರನ್ನು "ಅಜ್ಜಾರ" ಎನ್ನುತ್ತಿದ್ದರು. ಯಾರ ಮಗುವಿಗೆ ಜ್ವರ, ಯಾರು ಊರಿಗೆ ದುಡ್ಡು ಕಳಿಸಿಲ್ಲ, ಎಲ್ಲ ಗೊತ್ತಿತ್ತು ಅವರಿಗೆ. ಬೀದಿಯ ಹಳಬರು ಮನೆ ಮಾರಿ ಹೋದರು. ಹೊಸಬರು ಲಿಫ್ಟಿನಿಂದ ಇಳಿದು ಕಾರು ಹತ್ತುತ್ತಾರೆ. ಮಾಮನ ಜೊತೆ ಮಾತಾಡಲು ಬಿಡುವಿರುವವರು ಮಿಕ್ಸರ್ ನಿಂತಿರುವವರೆಗೆ ಮಾತ್ರ ಇಲ್ಲಿರುತ್ತಾರೆ. ಬಾಗಿಲು ಕೂತ ಮೇಲೆ ಅವರು ನಮ್ಮ ಕಾಲಿಂಗ್ ಬೆಲ್ ಒತ್ತಿದವರಲ್ಲ.

ಗೃಹಪ್ರವೇಶಕ್ಕೆ ನನ್ನ ಹೆಂಡತಿ ಹೋಗಿ ಕರೆದು ಬಂದಳು. ಬಂದರು, ಒಬ್ಬಟ್ಟು ತಿಂದರು, ಹಿಮ್ಮಡಿಯಲ್ಲಿ ನೆಲ ತಟ್ಟಿ ನೋಡಿದರು.

"ಆಗಾಗ ಬರ್ತಾ ಇರಿ ಮಾಮ," ಎಂದೆ. ಮನಸಾರೆಯೇ ಎಂದೆ.

"ಬಂದು ಏನು ಮಾಡ್ಲಿ? ಮುಗೀತಲ್ಲ!" ಎಂದು ಚಪ್ಪಲಿ ಹುಡುಕಿದರು. "ಹಿಂದಿನ ಕ್ರಾಸಲ್ಲಿ ಪಾಯ ತುಂಬಿಸ್ತಿದಾರೆ. ಅಲ್ಲೂ ಪ್ಲೇಟೇ ತಂದಿದಾರೆ, ಅಯೋಗ್ಯರು."