ವೈದ್ಯದರ್ಶನ ರಜಾ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಹೇಳದೆ ಶಾಸ್ತ್ರಗ್ರಂಥ ಆರಂಭಿಸುವ ಪದ್ಧತಿಯಿಲ್ಲ. ಈ ಗ್ರಂಥದ ವಿಷಯ: ಕೆಲಸದ ದಿನ ಡಾಕ್ಟರರನ್ನು ಕಾಣಲು ರಜೆ ಪಡೆಯುವುದು. ಪ್ರಯೋಜನ: ಪಡೆದ ಮೇಲೂ ಮ್ಯಾನೇಜರರ ಮುಖ ನೋಡುವ ಧೈರ್ಯ. ಸಂಬಂಧ: ಬಿಪಿ, ಶುಗರ್, ಥೈರಾಯ್ಡ್ ಇತ್ಯಾದಿ. ಅಧಿಕಾರಿ, ಅಂದರೆ ಓದಲು ಅರ್ಹರು: ಕಾಪುವಿನಿಂದ ಕಾರ್ಕಳದವರೆಗೆ ಕಂಕುಳಲ್ಲಿ ಎಕ್ಸ್‌ರೇ ಕವರು ಹಿಡಿದು ಬಸ್ಸಿಗೆ ಕಾಯುವ ಸಮಸ್ತರು.

ಪ್ರಥಮಾಧ್ಯಾಯ: ದೇಶನಿರ್ಣಯ

1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದ ಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಸ್ಥಾಪಿಸಿದರು. ಇದರಿಂದ ವೈದ್ಯಲೋಕಕ್ಕೆ ಆದ ಲಾಭವನ್ನು ಬೇರೆಯವರು ಬರೆದಿದ್ದಾರೆ. ನಮ್ಮ ಸೀಮೆಯ ರಜಾಶಾಸ್ತ್ರಕ್ಕೆ ದೊರೆತದ್ದು ಒಂದು ಮಹಾವಾಕ್ಯ: “ಸಾರ್, ನಾಳೆ ಮಣಿಪಾಲಕ್ಕೆ ಹೋಗ್ಲಿಕ್ಕುಂಟು.”

ಈ ವಾಕ್ಯದ ಶಕ್ತಿ ದೂರ ಹೆಚ್ಚಿದಂತೆ ಹೆಚ್ಚುತ್ತದೆ. ಕಾರ್ಕಳದಲ್ಲಿ ಉಚ್ಚರಿಸಿದರೆ ಧಣಿಗಳ ಕಣ್ಣ ಮುಂದೆ ಬೈಲೂರು, ಹಿರಿಯಡ್ಕ, ಆತ್ರಾಡಿ, ಪರ್ಕಳಗಳ ತಿರುವುಗಳೆಲ್ಲ ಸಾಲಾಗಿ ಬಂದು, “ಅಯ್ಯೋ, ಮಣಿಪಾಲಕ್ಕಾ? ಹೋಗಿ ಹೋಗಿ, ನಾಳಿದ್ದು ಬಂದ್ರೂ ಸಾಕು” ಎಂಬ ಉತ್ತರ ಹೊರಡುತ್ತದೆ. ಕಾಪುವಿನವನು ಉಡುಪಿಯಲ್ಲಿ ಬಸ್ಸು ಬದಲಿಸಿ ಗುಡ್ಡ ಹತ್ತಬೇಕಾದ್ದರಿಂದ ಅವನಿಗೆ ಅರ್ಧ ದಿನ ಪ್ರಾಪ್ತಿ. ಸ್ವತಃ ಮಣಿಪಾಲದಲ್ಲೇ ಕೆಲಸ ಮಾಡುವವನಿಗೆ ಸಿಗುವ ಉತ್ತರ: “ಟೈಗರ್ ಸರ್ಕಲ್ ದಾಟಿದ್ರೆ ಆಸ್ಪತ್ರೆ ಅಲ್ವಾ ಮಾರಾಯ್ರೆ, ಚಾ ಕುಡಿಯುವ ಹೊತ್ತಲ್ಲಿ ಹೋಗಿ ಬನ್ನಿ.” ಆಸ್ಪತ್ರೆಗೆ ಸಮೀಪನಾದವನೇ ಚಿಕಿತ್ಸೆಗೆ ದೂರನೆಂಬುದು ಇದರಿಂದ ಸಿದ್ಧ.

ದ್ವಿತೀಯಾಧ್ಯಾಯ: ನಿಯಮನಿರ್ಣಯ

ಸರಕಾರಿ ನೌಕರನ ಸಾಂದರ್ಭಿಕ ರಜೆ ನಿಯಮದ ದೃಷ್ಟಿಯಲ್ಲಿ ರಜೆಯೇ ಅಲ್ಲ. ಅದರ ಮೇಲೆ ಹೋದವನು ಕರ್ತವ್ಯದಲ್ಲೇ ಇದ್ದಾನೆಂದು ಭಾವಿಸತಕ್ಕದ್ದು. ಕಣ್ಣಿಗೆ ಕಾಣುವ ಖಾಲಿ ಕುರ್ಚಿ ಮಿಥ್ಯೆ ಎಂಬ ಈ ವಾದ ಅಪ್ಪಟ ಅದ್ವೈತ, ಉಡುಪಿಯಲ್ಲಿ ಮೆಲ್ಲಗೆ ಹೇಳಬೇಕು. 2019ರಲ್ಲಿ ನಾಲ್ಕನೇ ಶನಿವಾರದ ರಜೆ ಕೊಟ್ಟ ರಾಜ್ಯ ಸರಕಾರ ಈ ಮಿಥ್ಯೆಯನ್ನು ವರ್ಷಕ್ಕೆ 15ರಿಂದ 10 ದಿನಕ್ಕೆ ಇಳಿಸಿತು. ಅಂಗಡಿ, ಹೋಟೆಲು, ಖಾಸಗಿ ಕಚೇರಿಗಳವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಕಾಯಿಲೆ, ಅಪಘಾತ ಅಥವಾ ಇತರ ಸಮಂಜಸ ಕಾರಣಕ್ಕೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ರಜೆ ಹೇಳುತ್ತದೆ. ಯಾವುದು ಸಮಂಜಸ ಎಂಬುದರ ಭಾಷ್ಯಕಾರರು ಮಾತ್ರ ಮ್ಯಾನೇಜರರೇ.

ಇಲ್ಲಿ ಪೂರ್ವಪಕ್ಷ ಹೀಗೆ: “ಹುಷಾರಿದ್ದರೆ ರಜೆ ಯಾಕೆ? ಹುಷಾರಿಲ್ಲದಿದ್ದರೆ ಸರ್ಟಿಫಿಕೇಟ್ ಎಲ್ಲಿ?” ಸರ್ಟಿಫಿಕೇಟಿಗೆ ಡಾಕ್ಟರು ಬೇಕು, ಡಾಕ್ಟರಿಗೆ ರಜೆ ಬೇಕು, ರಜೆಗೆ ಸರ್ಟಿಫಿಕೇಟ್ ಬೇಕು. ತಾರ್ಕಿಕರು ಇದನ್ನು ಚಕ್ರಕ ದೋಷ ಎನ್ನುತ್ತಾರೆ. ಕಚೇರಿಗಳಲ್ಲಿ ಇದಕ್ಕೆ ಪ್ರೊಸೀಜರ್ ಎಂದು ಹೆಸರು. ಕಾಯಿಲೆ ಬಿದ್ದವನಿಗೆ ನಿಯಮವುಂಟು. ಕಾಯಿಲೆ ಇದೆಯೋ ಇಲ್ಲವೋ ಎಂದು ನೋಡಿಸಲು ಹೊರಟವನು ನಿಯಮಕ್ಕೆ ಅಗೋಚರ.

ತೃತೀಯಾಧ್ಯಾಯ: ಪಂಚಭೇದ

ಮಧ್ವಾಚಾರ್ಯರು ಈಶ್ವರ, ಜೀವ, ಜಡಗಳ ನಡುವೆ ಐದು ಭೇದಗಳನ್ನು ಹೇಳಿದರು. ಅವರ ಕ್ಷಮೆ ಕೋರಿ ಓಪಿಡಿಯ ಪಂಚಭೇದಗಳನ್ನು ನಿರೂಪಿಸುತ್ತೇವೆ. ವೈದ್ಯ–ರೋಗಿ ಭೇದ: ‘ಹತ್ತು ಗಂಟೆ’ ಎಂಬುದು ರೋಗಿಗೆ ಬಂದು ಕೂರುವ ಹೊತ್ತು, ವೈದ್ಯರಿಗೆ ವಾರ್ಡಿನ ರೌಂಡ್ಸ್ ಇನ್ನೂ ಮುಗಿಯದ ಹೊತ್ತು. ರೋಗಿ–ರೋಗಿ ಭೇದ: ಒಬ್ಬನದ್ದು ಟೋಕನ್ ಕ್ರಮ, ಇನ್ನೊಬ್ಬನದ್ದು “ರಿಪೋರ್ಟ್ ತೋರಿಸ್ಲಿಕ್ಕೆ ಮಾತ್ರ, ಒಂದೇ ನಿಮಿಷ.” ರೋಗಿ–ಯಂತ್ರ ಭೇದ: ಬೆರಳಿಗೆ ಬ್ಯಾಂಡೇಜ್ ಇದ್ದರೆ ಹಾಜರಾತಿ ಯಂತ್ರಕ್ಕೆ ಅವನು ಹುಟ್ಟೇ ಇಲ್ಲ. ವೈದ್ಯ–ಯಂತ್ರ ಭೇದ: ಡಾಕ್ಟರು ‘ಇವತ್ತೇ’ ಎಂದು ಬರೆದ ಸ್ಕ್ಯಾನಿಂಗಿಗೆ ಕಂಪ್ಯೂಟರು ಮುಂದಿನ ಗುರುವಾರ ಕೊಡುತ್ತದೆ. ಯಂತ್ರ–ಯಂತ್ರ ಭೇದ: ಆಸ್ಪತ್ರೆಯ ಟೋಕನ್ ಯಂತ್ರಕ್ಕೂ ಕಚೇರಿಯ ಹೆಬ್ಬೆಟ್ಟಿನ ಯಂತ್ರಕ್ಕೂ ಪರಿಚಯವಿಲ್ಲ, ಆದರೂ ಎರಡೂ ಏಳುವುದು ಬೆಳಗ್ಗೆ ಒಂಬತ್ತಕ್ಕೆ, ಮಲಗುವುದು ಸಂಜೆ ಐದಕ್ಕೆ. ಸಕಲ ದುಃಖಕ್ಕೂ ಮೂಲ ಈ ಐದನೆಯದು.

ಚತುರ್ಥಾಧ್ಯಾಯ: ಕಾಲನಿರ್ಣಯ

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆಯ ಬೋಟಿನವನ ಮೊಣಕಾಲು ಮಾರ್ಚಿನಲ್ಲಿ ನೋಯತೊಡಗಿದರೂ ಜೂನಿನ ತನಕ ತಡೆದುಕೊಳ್ಳತಕ್ಕದ್ದೆಂಬುದು ಶಾಸ್ತ್ರ. ಆಟಿ ಅಮಾವಾಸ್ಯೆಯ ದಿನ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ಕೆತ್ತೆಯ ಕಷಾಯವನ್ನು ತುಳುನಾಡು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿಯುತ್ತದೆ. ಅದು ಎಷ್ಟು ರೋಗ ತಡೆಯುತ್ತದೆಂಬ ಚರ್ಚೆ ವೈದ್ಯರಿಗೆ ಬಿಟ್ಟದ್ದು. ನಮಗೆ ಮುಖ್ಯವಾದ ಅಂಶ, ಹಿರಿಯರು ಅದನ್ನು ಆಫೀಸು ಬಾಗಿಲು ತೆರೆಯುವ ಮೊದಲೇ ಮುಗಿಸಿದ್ದರು.

ಪರಿಶಿಷ್ಟ

ಬೀಡಿ ಸುತ್ತುವ, ಗೇರುಬೀಜ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವ ಹೆಂಗಸರು ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ. ಸಾವಿರ ಬೀಡಿಗೆ ಇಷ್ಟು, ಕಿಲೋ ತಿರುಳಿಗೆ ಇಷ್ಟು ಎಂಬಲ್ಲಿ ಡಾಕ್ಟರನ್ನು ಕಾಣಲು ಯಾರ ಅಪ್ಪಣೆಯೂ ಬೇಡ, ಆ ದಿನದ ಕೂಲಿ ಬಿಟ್ಟರಾಯಿತು. ಇಂಥ ಸ್ವಾತಂತ್ರ್ಯಕ್ಕೆ ಶಾಸ್ತ್ರದ ಅಗತ್ಯವಿಲ್ಲವೆಂದು ಪಂಡಿತರು ಸುಮ್ಮನಿದ್ದಾರೆ.

ಸಿದ್ಧಾಂತ ಮತ್ತು ಫಲಶ್ರುತಿ

ಬಿಪಿ ನೋಡಿಸಲು ಬೇಕಾದ್ದು ಎರಡು ಗಂಟೆ. ನೋಡಿಸದೆ ಲಕ್ವ ಹೊಡೆದರೆ ಬೇಕಾದ್ದು ಆರು ತಿಂಗಳು. ಆ ಆರು ತಿಂಗಳಿಗೆ ಸರ್ಟಿಫಿಕೇಟ್ ಸುಲಭವಾಗಿ ಸಿಗುತ್ತದೆ ಎಂಬುದನ್ನು ಲಾಭದ ಲೆಕ್ಕದಲ್ಲಿ ಹಿಡಿಯುವಂತಿಲ್ಲ. ಆದ್ದರಿಂದ ಕಚೇರಿಗಳು ತಪಾಸಣೆಗೆಂದೇ ಎರಡು ಗಂಟೆ, ಸರ್ಟಿಫಿಕೇಟ್ ಕೇಳದೆ ಕೊಡಲಿ. ಆಸ್ಪತ್ರೆಗಳು ವಾರಕ್ಕೊಂದು ಸಂಜೆಯಾದರೂ ಓಪಿಡಿ ತೆರೆದಿಡಲಿ. ಇದನ್ನು ಓದಿದ ಮ್ಯಾನೇಜರ್ ಮಹಾಶಯರು ಒಮ್ಮೆ ತಮ್ಮ ಬಿಪಿಯನ್ನೂ ನೋಡಿಸಿಕೊಳ್ಳಬೇಕಾಗಿ ವಿನಂತಿ. ರಜೆಯನ್ನು ತಮ್ಮ ಮೇಲಿನವರಲ್ಲಿ ಕೇಳುವಾಗ ಅದು ಎಷ್ಟು ಏರುತ್ತದೆಂದು ತಿಳಿದೀತು.